ನೈರೋಬಿಯಿಂದ ಅಕ್ರಾಕ್ಕೆ ಒಂದು ಚೋಟು

ಟೆಕ್ಸಾಸಿಗೆ ಬಂದು ನೆಲೆಸಿದವರು ದೂರವನ್ನು ಮೈಲಿಯಲ್ಲಿ ಹೇಳುವುದಿಲ್ಲ. ಡಾಲಸ್ಸಿನಿಂದ ಆಸ್ಟಿನ್ ಮೂರು ಗಂಟೆ, ಹ್ಯೂಸ್ಟನ್ ನಾಲ್ಕು ಗಂಟೆ, ಅಷ್ಟೆ. ಹೀಗೆ ಹೇಳಿ ಹೇಳಿ, ಪ್ರಪಂಚದ ಯಾವ ಊರು ಎಷ್ಟು ಗಂಟೆ ದೂರ ಎಂದು ಕೇಳಿದರೂ ಥಟ್ಟನೆ ಉತ್ತರಿಸುವ ಧೈರ್ಯ ನನಗೆ ಬಂದುಬಿಟ್ಟಿತ್ತು. ತಿಳಿವಳಿಕೆ ಮಾತ್ರ ಇನ್ನೂ ಬಂದಿರಲಿಲ್ಲ.

ನನ್ನ ಹೆಂಡತಿ ಶೈಲಜಾ ವೈದ್ಯೆ. ಆ ವರ್ಷ ಕೆಲಸದ ಮೇಲೆ ನೈರೋಬಿಗೆ ಹೋಗಿದ್ದಳು. ಅಲ್ಲಿಂದ ಅಕ್ರಾಕ್ಕೆ ಹೋಗಬೇಕಿತ್ತು. ಒಂದು ಶನಿವಾರ ನಮಗೆ ಬೆಳಗ್ಗೆ ಒಂಬತ್ತಾದಾಗ ಏರ್‌ಪೋರ್ಟಿನಿಂದ ಫೋನ್ ಮಾಡಿ, ಮೈಸೂರಿನಿಂದ ಡಾಲಸ್ಸಿನ ನಮ್ಮ ಮನೆಗೆ ಬಂದಿದ್ದ ತನ್ನ ತಾಯಿಯ ಹತ್ತಿರವೂ ಮಾತಾಡಿ, "ಹೊರಟೆ ರೀ" ಎಂದಳು. ಎಷ್ಟು ಹೊತ್ತಿನ ಪ್ರಯಾಣ ಎಂದು ಕೇಳುವುದರೊಳಗೆ ಲೈನ್ ಕಟ್ಟಾಯಿತು. ಇಂಟರ್ನೆಟ್ಟಿನಲ್ಲಿ ಹುಡುಕೋಣವೆಂದರೆ ಮನೆಯ ಫೋನ್ ಲೈನೇ ಎಂಗೇಜ್ ಆಗುವ ಕಾಲ ಅದು. ಮಗಳ ಶಾಲೆಯ ಅಟ್ಲಾಸ್ ತೆಗೆದೆ. ಅಮೆರಿಕದ ಪುಟದಲ್ಲಿ ಡಾಲಸ್ಸಿನಿಂದ ಲಾಸ್ ಏಂಜಲೀಸಿಗೆ ಒಂದು ಚೋಟು. ವಿಮಾನದಲ್ಲಿ ಮೂರು ಗಂಟೆ. ಆಫ್ರಿಕಾದ ಪುಟದಲ್ಲೂ ನೈರೋಬಿಯಿಂದ ಅಕ್ರಾಕ್ಕೆ ಒಂದು ಚೋಟು!

"ಮೂರೇ ಗಂಟೆ ಅತ್ತೆ. ಊಟದ ಹೊತ್ತಿಗೆ ಫೋನ್ ಬಂದ್ಬಿಡತ್ತೆ" ಎಂದು ಸಾರಿದೆ.

"ಹೌದಾ? ಸರಿ ಹಾಗಾದ್ರೆ" ಎಂದರು ಅತ್ತೆ. ಹತ್ತು ವರ್ಷದ ಮಗಳು ಮಾತ್ರ "ಡ್ಯಾಡ್, ಆಫ್ರಿಕಾ ಈಸ್ ಹ್ಯೂಜ್" ಎಂದಳು. ಮಕ್ಕಳ ಮಾತು ಎಂದು ಬಿಟ್ಟುಬಿಟ್ಟೆ. ಎರಡು ಪುಟಗಳ ಅಳತೆ ಬೇರೆ ಬೇರೆ ಎಂಬುದು ಹೊಳೆಯಲೇ ಇಲ್ಲ.

ಹನ್ನೆರಡಾಯಿತು. ಫೋನ್ ಇಲ್ಲ. ಮಗಳು ಉಂಡು ಆಡಲು ಹೋದಳು. ಹುರುಳಿಕಾಯಿ ಹುಳಿಯ ಘಮ ಮನೆಯೆಲ್ಲ ತುಂಬಿತ್ತು. "ನೀವು ಊಟ ಮಾಡಿ ಅತ್ತೆ" ಎಂದೆ. "ನೀವು?" ಎಂದರು. "ಫೋನ್ ಬರ್ಲಿ." "ಹಾಗಾದ್ರೆ ನಾನೂ ಆಮೇಲೇ ಮಾಡ್ತೀನಿ." ಹೆತ್ತ ಕರುಳು, ಪಾಪ, ಎಂದುಕೊಂಡೆ. ಅವರಿಗೆ ಧೈರ್ಯ ತುಂಬುವುದು ನನ್ನ ಕರ್ತವ್ಯವಾಯಿತು. ಎದುರುಗಾಳಿ ಇರಬಹುದು, ಇಮಿಗ್ರೇಶನ್ನಿನಲ್ಲಿ ಕ್ಯೂ ಇರಬಹುದು ಎಂದು ಒಂದೊಂದೇ ಕಾರಣ ಕಟ್ಟಿದೆ. ಅತ್ತೆ ಎಲ್ಲಕ್ಕೂ "ಇರಬಹುದು" ಎನ್ನುತ್ತ ಬತ್ತಿ ಹೊಸೆಯುತ್ತಿದ್ದರು. ನಡುವೆ ಹ್ಯೂಸ್ಟನ್ನಿನ ಗೆಳೆಯ ಫೋನ್ ಮಾಡಿದ. ಲೈನ್ ಖಾಲಿ ಇರಲಿ ಮಾರಾಯ ಎಂದು ಗದರಿ ಇಟ್ಟುಬಿಟ್ಟೆ. ಎರಡು ಗಂಟೆ ದಾಟಿದ ಮೇಲೆ ನನ್ನ ಕಾರಣಗಳೂ ಮುಗಿದವು. ಅವಳಿಲ್ಲದ ಮನೆ ಹೇಗಿರುತ್ತದೆ ಎಂಬ ಯೋಚನೆ ನುಗ್ಗಿತು.

ಮೂರೂವರೆಗೆ ಫೋನ್ ಬಂತು. "ತಲುಪಿದೆ ರೀ. ಆರು ಗಂಟೆ ಕೂತು ಸೊಂಟ ಹಿಡ್ಕೊಂಡಿದೆ. ಊಟ ಆಯ್ತಾ?" ಅತ್ತೆಗೆ ಫೋನ್ ಕೊಟ್ಟೆ.

ಆಮೇಲೆ ತಟ್ಟೆ ಹಾಕುತ್ತ ಅವರು ಮೆಲ್ಲಗೆ ಹೇಳಿದರು: "ಆರು ಗಂಟೆ ಆಗತ್ತೆ ಅಂತ ಬೆಳಗ್ಗೇನೇ ಹೇಳಿದ್ಲು."

"ಮತ್ತೆ ನೀವು ಹೇಳಲೇ ಇಲ್ಲವಲ್ಲ ಅತ್ತೆ?"

"ಅಷ್ಟು ಗಟ್ಟಿಯಾಗಿ ಮೂರು ಅಂದ್ರಿ. ಅಳಿಯಂದಿರಿಗೆ ಇಲ್ಲ ಅನ್ನೋದು ಹೇಗೆ?"

"ಮತ್ತೆ ಊಟ ಯಾಕೆ ಬಿಟ್ರಿ?"

"ನೀವು ಉಣ್ಣದೆ ನಾನು ಹೇಗೆ ಉಣ್ಲಿ?"

ಮುಂದಿನ ವಾರ ಶೈಲಜಾ ಅಕ್ರಾದಿಂದ ಮನೆಗೆ ಹೊರಟ ದಿನ ನಾನು ಹನ್ನೆರಡಕ್ಕೇ ತಟ್ಟೆಯ ಮುಂದೆ ಕುಳಿತೆ. ಅತ್ತೆ ನೋಡಿ ತಾವೂ ಹೊತ್ತಿಗೆ ಉಣ್ಣಲಿ ಎಂದು ಎರಡು ಸಲ ಹುಳಿ ಹಾಕಿಸಿಕೊಂಡೆ. ಅದು ಗಂಟಲಲ್ಲಿ ಇಳಿಯಿತೋ ಇಲ್ಲವೋ, ಅವರು ಕೇಳಲಿಲ್ಲ. ಅಳಿಯನನ್ನು ಅಂಥದ್ದೆಲ್ಲ ಕೇಳುವವರಲ್ಲ ಅವರು.