ಸಾರಥಿಯ ನಾಯಿ, ನಮ್ಮನೆಯ ರೊಟ್ಟಿ

ಗೊಬ್ಬರದ ಅಂಗಡಿ ಇಟ್ಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಯೂರಿಯಾ ಬೇಕೇ ಎಂದು ಕೇಳಲು ಹೋದವನು ಕುಂಬಳಕಾಯಿ ಹೊತ್ತು ಬಂದಿದ್ದೇನೆ. ಯಾರದೋ ಮದುವೆ ಮಾತುಕತೆಯಲ್ಲಿ ಹುಡುಗನ ಕಡೆಯವನಾಗಿ ಕೂತು ಉಂಡು ಬಂದಿದ್ದೇನೆ. ತೊಂಬತ್ತೆಂಟರ ಸುಮಾರಿಗೆ ಒಮ್ಮೆ ನಾಯಿಯನ್ನು ಕರೆದುಕೊಂಡು ಬಂದೆ. ನನ್ನ ಅಂಗಡಿ ಹರಿಹರದಲ್ಲಿ, ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ.

ಕರಾರು

ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯ ರೈತರೊಬ್ಬರ ದನದ ಕೊಟ್ಟಿಗೆಯಲ್ಲಿ ಅದು ಮಲಗಿತ್ತು. ಮುಧೋಳ ತಳಿಯ ಬೇಟೆನಾಯಿ. ಮೊಲದ ಹಿಂದೆ ಓಡಿ ಮುಳ್ಳುತಂತಿಗೆ ಸಿಕ್ಕು ಎಡಗಡೆಯ ಹಿಂಗಾಲು ಸೀಳಿಕೊಂಡಿತ್ತು. ಅಷ್ಟು ನೋವಿದ್ದರೂ ಕುಂಯ್ ಅನ್ನಲಿಲ್ಲ. ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿತು. ಆ ಗತ್ತು ನನಗೆ ಹಿಡಿಸಿಬಿಟ್ಟಿತು. ಇದನ್ನು ಮತ್ತೆ ಓಡಿಸಿಯೇ ತೀರುತ್ತೇನೆ ಎಂದು ಅಲ್ಲೇ ಹಠ ಹುಟ್ಟಿತು.

"ಕರ್ಕಂಡ್ ಹೋಗ್ರಿ ಸಾವ್ಕಾರ್ರೇ," ಎಂದರು ರೈತರು. "ದಾವಣಗೆರೆಯಾಗೆ ಒಳ್ಳೆ ಡಾಕ್ಟ್ರು ಅದಾರಂತೆ. ವಾಸಿ ಆದ್ರೆ ಹೇಳ್ರಿ, ಬಂದು ಕರ್ಕಂಡ್ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ನೀವೇ ಇಟ್ಕಳ್ರಿ."

ನಮ್ಮದು ಲಿಂಗಪೂಜೆ ಆಗದೆ ಒಲೆ ಹೊತ್ತಿಸದ ಮನೆ. ಹೆಂಡತಿ ಬಾಗಿಲಲ್ಲೇ ನಿಂತಳು. "ಮಾಂಸ ತಿನ್ನೋದನ್ನ ತಂದೀರಲ್ರಿ. ಕಾಲು ವಾಸಿ ಆಗೋತನಕ ಇರ್ಲಿ. ವಾಸಿ ಆದ ದಿನಾನೇ ಸಾರಥಿಗೆ ಕಳಿಸ್ಬೇಕು."

ಎರಡೂ ಕಡೆ ಹೂಂ ಅಂದೆ. ಆಮೇಲೆ ಹೊಳೆಯಿತು: ನಾನು ಗೆದ್ದರೆ ನಾಯಿ ಹೋಗುತ್ತದೆ, ಸೋತರೆ ಉಳಿಯುತ್ತದೆ. ಇಂಥ ವ್ಯಾಪಾರವನ್ನು ಗೊಬ್ಬರದಲ್ಲೂ ಮಾಡಿರಲಿಲ್ಲ.

ಸ್ವಭಾವ

ಸ್ಕೂಟರಿನ ಹಿಂದೆ ನಾಯಿಯನ್ನು ಹಿಡಿದು ಕೂರುವವರು ಯಾರೂ ಸಿಗದೆ ಹೆಂಡತಿಯನ್ನೇ ಒಪ್ಪಿಸಿ ದನದ ಡಾಕ್ಟರ ಹತ್ತಿರ ಹೋದೆ. ಅವರು ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ಬುದ್ಧಿ ಹೇಳಿದರು.

"ಈ ಜಾತಿಯನ್ನ ಹಿಂದಿನಿಂದ ಮುಟ್ಟಬ್ಯಾಡ್ರಿ. ಕರೆದಾಗ ಬರಲ್ಲ, ಮನಸ್ಸು ಬಂದಾಗ ಬರ್ತೈತೆ. ಹೊಸಬರು ಮಾತಾಡಿಸಿದ್ರೆ ಮುಖ ತಿರುವ್ತೈತೆ. ಗದರಿದ್ರೆ ಊಟ ಬಿಡ್ತೈತೆ. ಮರ್ಯಾದೆ ಕೊಟ್ಟು ಇಟ್ಕಳ್ರಿ."

"ಅದೇನ್ ಬಿಡ್ರಿ ಡಾಕ್ಟ್ರೇ, ನನಗೆ ಅಭ್ಯಾಸ ಐತೆ. ನಮ್ಮ ಮಾವನೋರು ಹಿಂಗೇ," ಎಂದೆ.

ಆ ಮಾವನವರ ಮಗಳೇ ಪಕ್ಕದಲ್ಲಿ ನಿಂತಿರುವುದು ಮರೆತಿತ್ತು. ಮನೆ ಮುಟ್ಟುವತನಕ ಸ್ಕೂಟರಿನ ಮೇಲೆ ನಾಯಿ ಒಂದು ಕಡೆ, ಅವಳು ಇನ್ನೊಂದು ಕಡೆ ಮುಖ ತಿರುಗಿಸಿಕೊಂಡೇ ಕೂತಿದ್ದರು.

ಪಕ್ಕೆಲುಬು

ಈ ತಳಿಯ ಮೈಕಟ್ಟೇ ಹಾಗೆ. ಎಷ್ಟು ತಿಂದರೂ ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ, ಪಕ್ಕೆಲುಬು ಕಾಣುತ್ತಿರುತ್ತವೆ. ಎದುರುಮನೆಯ ನಿವೃತ್ತ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಕಾಂಪೌಂಡಿನಾಚೆಯಿಂದ ಬಗ್ಗಿ ನೋಡಿ, "ಏನ್ ತಾಯಿ, ನಾಯಿಗೆ ಊಟ ಹಾಕಲ್ವೇನು?" ಎಂದರು.

ಹೆಂಡತಿಗೆ ಆ ಮಾತು ನಾಟಿತು. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದ ಮನೆಯಲ್ಲ ನಮ್ಮದು. ಒಳಗೆ ಬಂದವಳೇ ಸೆರಗು ಸಿಕ್ಕಿಸಿದಳು. "ನಮ್ಮನಿಯಾಗೆ ಉಂಡೋರು ಯಾರೂ ಬಡವಾಗಿಲ್ಲ. ಇದನ್ನ ದುಂಡಗೆ ಮಾಡೇ ಕಳಿಸ್ತೀನಿ."

ಮಾರನೆಯ ದಿನದಿಂದ ಜೋಳದ ರೊಟ್ಟಿಗೆ ಬೆಣ್ಣೆ, ಹಾಲನ್ನ, ಗಟ್ಟಿ ಮೊಸರು. ನಾಯಿ ಮೂಸಿ ನೋಡಿ ಸುಮ್ಮನೆ ಹೋಯಿತು. ಅವಳೂ ಬಿಡುವವಳಲ್ಲ. ಪಕ್ಕದಲ್ಲಿ ಕೂತು, ನೆಂಟರಿಗೆ ಹೇಳುವ ದನಿಯಲ್ಲಿ, "ಉಣ್ಣಪ್ಪ, ಸಂಕೋಚ ಮಾಡ್ಕಬ್ಯಾಡ," ಎಂದಳು. ಆಗ ತಿಂದಿತು. ಅಲ್ಲಿಂದ ಮುಂದೆ ಅವಳು ಪಕ್ಕದಲ್ಲಿ ಕೂರದಿದ್ದರೆ ಅದು ತಟ್ಟೆ ಮುಟ್ಟುತ್ತಿರಲಿಲ್ಲ.

ಅಷ್ಟು ರೊಟ್ಟಿ ಬಡಿದ ಮೇಲೆ ಒಂದೆರಡು ನನ್ನ ತಟ್ಟೆಗೂ ಬೀಳುತ್ತಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ನಾಯಿ ಹೇಗಿತ್ತೋ ಹಾಗೇ ಇತ್ತು. ದರ್ಜಿಯ ಹತ್ತಿರ ಹೋಗಿ ಸೊಂಟ ಬಿಡಿಸಿಕೊಂಡು ಬಂದದ್ದು ನನ್ನ ಪ್ಯಾಂಟು.

ಬೇಟೆ

ಪಟ್ಟಿ ಬಿಚ್ಚಿದ ಮೇಲೂ ನಾಯಿ ಕುಂಟುತ್ತಿತ್ತು. ನಾನು ದಿನಾ ಬೆಳಿಗ್ಗೆ ಕಾಲಿಗೆ ಎಣ್ಣೆ ತಿಕ್ಕಿ, ಖಾಲಿ ಸೈಟುಗಳ ನಡುವೆ ನಡೆಸುತ್ತಿದ್ದೆ. ಒಂದು ದಿನ ಗಾಳಿಗೆ ಒಂದು ಕರಿ ಪ್ಲಾಸ್ಟಿಕ್ ಕವರು ಹಾರಿತು. ನಾಯಿಯ ಕಿವಿ ನೆಟ್ಟಗಾಯಿತು. ನನ್ನ ಕೈಯಲ್ಲಿದ್ದ ಹಗ್ಗ ಯಾವಾಗ ಜಾರಿತೋ ತಿಳಿಯಲಿಲ್ಲ. ಅದು ನಾಲ್ಕೂ ಕಾಲಿನಲ್ಲಿ ಓಡುವುದನ್ನು ನೋಡುತ್ತ ನಡುರಸ್ತೆಯಲ್ಲೇ ನನಗೆ ಕಣ್ಣೀರು ಬಂತು.

ಹಿಡಿದ ಕವರನ್ನು ಕಚ್ಚಿಕೊಂಡು ಬಂದು ಗೇಟಿನಲ್ಲಿದ್ದ ಹೆಂಡತಿಯ ಕಾಲ ಬಳಿ ಇಟ್ಟಿತು. ಅವಳು ಬಗ್ಗಿ ನೋಡಿದಳು. "ಸದ್ಯ, ನಮ್ಮನಿಗೆ ತಕ್ಕ ಬೇಟೆ," ಎಂದಳು.

ಆಗ ನನಗೆ ಕರಾರು ನೆನಪಾಯಿತು. "ಇನ್ನೂ ಸ್ವಲ್ಪ ಕುಂಟ್ತೈತೆ ಅನ್ಸುತ್ತೆ," ಎಂದೆ.

ಅವಳು ಬಹಳ ಹೊತ್ತು ನಾಯಿಯನ್ನು ನೋಡಿದಳು. "ಹೌದ್ರಿ, ಕುಂಟ್ತೈತೆ. ಈಗಲೇ ಕಳಿಸೋದು ಬ್ಯಾಡ."

ನಾಯಿ ಆಗ ಎರಡನೆಯ ಕವರಿನ ಹಿಂದೆ ಓಡುತ್ತಿತ್ತು.

ಪಟ್ಟಿ

ಒಂದು ಬೆಳಿಗ್ಗೆ ಸಾರಥಿಯ ರೈತರು ಕೈಯಲ್ಲಿ ಹಗ್ಗ ಹಿಡಿದು ಬಂದೇಬಿಟ್ಟರು. "ನಾಯಿ ಓಡ್ತೈತಂತಲ್ಲ ಸಾವ್ಕಾರ್ರೇ. ನಿಮ್ಮ ಅಂಗಡಿಯಾಗೇ ಯಾರೋ ಅಂದ್ರು."

ಆ ಯಾರೋ ನಾನೇ. ಬಂದ ಗಿರಾಕಿಗೆಲ್ಲ ಅದರ ಓಟ ಹೇಳಿಕೊಂಡು ಮೆರೆದಿದ್ದೆ. ಈಗ ಕೊಟ್ಟ ಮಾತು ತಪ್ಪುವಂತಿಲ್ಲ, ನಾಯಿ ಕೊಟ್ಟು ಬದುಕುವಂತೆಯೂ ಇಲ್ಲ.

"ಕೂಡ್ರಿ, ನೀರು ತರ್ತೀನಿ," ಎಂದು ಹೆಂಡತಿ ಒಳಗೆ ಹೋದಳು. ನೀರು ಬರಲು ಬಹಳ ತಡವಾಯಿತು. ಬಂದಾಗ ಜೊತೆಗೆ ನಾಯಿಯೂ ಬಂತು. ಕಾಲಿಗೆ ಹಳೆಯ ಸೀರೆ ಹರಿದು ಕಟ್ಟಿದ ದಪ್ಪ ಪಟ್ಟಿ.

"ಇನ್ನೂ ವಾಸಿ ಆಗಿಲ್ರಿ. ಬೇಕಾದ್ರೆ ನೋಡ್ರಿ," ಎಂದಳು.

ರೈತರು ನೋಡಿದರು. ನಾನೂ ನೋಡಿದೆ. ಗಡಿಬಿಡಿಯಲ್ಲಿ ಅವಳು ಪಟ್ಟಿ ಕಟ್ಟಿದ್ದು ಬಲಗಡೆಯ ಮುಂಗಾಲಿಗೆ.

ರೈತರು ನಾಯಿಯನ್ನು ಕರೆದರು. ಅದು ಅವರನ್ನು ಒಮ್ಮೆ ನೋಡಿ ಮುಖ ತಿರುಗಿಸಿ, ಹೆಂಡತಿಯ ಸೆರಗಿನ ಹಿಂದೆ ಹೋಗಿ ಕೂತಿತು. ಅವಳು ಅದರ ತಲೆಯ ಮೇಲೆ ಕೈ ಇಟ್ಟುಕೊಂಡೇ ನಿಂತಳು. ರೈತರು ನೀರು ಕುಡಿದು, ಲೋಟ ಕೆಳಗಿಟ್ಟು, ಹಗ್ಗ ಸುತ್ತಿ ಚೀಲಕ್ಕೆ ಹಾಕಿದರು.

"ಖರೆ ಐತೆ ಅಕ್ಕಾರೇ, ವಾಸಿ ಆಗಿಲ್ಲ," ಎಂದರು. "ಹಿಂಗಾಲಿನ ಗಾಯ ಮುಂಗಾಲಿಗೆ ಬಂದೈತೆ. ಇನ್ನೂ ಎರಡು ಕಾಲು ಬಾಕಿ ಅದಾವೆ. ಅವೂ ಮುಗೀಲಿ, ಆಮ್ಯಾಕೆ ಬರ್ತೀನಿ."