ಕತ್ತರಿಗೆ ಕುಂಕುಮ

ಮೊಬೈಲ್ ಹೊಸದಾಗಿ ನನ್ನ ಸೊಂಟಕ್ಕೆ ಬಂದಿದ್ದ ಕಾಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ನಡೆಸಿದವನಿಗೆ ಜಗತ್ತಿನಲ್ಲಿ ಬಾರದ ಕೆಲಸವೇ ಇಲ್ಲವೆಂದು ನಾನು ಖಂಡಿತವಾಗಿ ನಂಬಿದ್ದೆ.

ನಮ್ಮ ಅವ್ವನ ಎಡಗಣ್ಣು ಎಂದೋ ಹೋಗಿತ್ತು. ಉಳಿದ ಬಲಗಣ್ಣಿಗೂ ಪೊರೆ ಬಂತು. ಕಾಯಿಯ ಬಣ್ಣ ನೋಡಿ ಯಾವ ಊರಿನ ಮಾಲೆಂದು ಹೇಳುತ್ತಿದ್ದವಳು ಗೋಡೆ ಹಿಡಿದು ನಡೆಯತೊಡಗಿದಳು. ರಾಣೆಬೆನ್ನೂರಿನ ಕಣ್ಣಿನ ಡಾಕ್ಟರಿಗೆ ತೋರಿಸಿದೆವು.

"ಆಪರೇಷನ್ ಸಣ್ಣದೈತಿ. ಆದ್ರ ಒಳಗ ಕ್ರಿಮಿ ಹೊಕ್ಕರ ಕಣ್ಣು ಉಳಿಯಂಗಿಲ್ಲ" ಎಂದರು.

"ಚಿಂತಿ ಬಿಡ್ರಿ ಡಾಕ್ಟರ್ರ. ನಾ ಇದ್ದೀನಲ್ರಿ!"

ಅವರ ಚಿಂತೆ ಶುರುವಾದದ್ದು ಆಗಲೇ ಇರಬೇಕು.

ಆಪರೇಷನ್ ದಿನ ಅವ್ವ ನನ್ನ ಕೈ ಬಿಡಲೊಲ್ಲಳು. "ಇಂವ ಬಂದ್ರ ಮಾತ್ರ ಒಳಗ ಬರ್ತೇನಿ" ಎಂದು ಹಟ ಹಿಡಿದಳು. ಕೊನೆಗೆ ನನಗೂ ಹಸಿರು ಗೌನು, ಟೊಪ್ಪಿಗೆ, ಮಾಸ್ಕ್ ತೊಡಿಸಿದರು. ಅರ್ಧ ಡಾಕ್ಟರಾದೆ!

"ಮೂಲ್ಯಾಗ ನಿಂದ್ರಿ. ಏನೂ ಮುಟ್ಟಬ್ಯಾಡ್ರಿ" ಎಂದರು ಸಿಸ್ಟರ್.

ಡಾಕ್ಟರು ಕೈ ತೊಳೆಯುವುದನ್ನು ನೋಡಿ ದಂಗಾದೆ. ಉಗುರು, ಬೆರಳ ಸಂದಿ, ಮುಂಗೈ, ಮೊಣಕೈ... ನಮ್ಮಲ್ಲಿ ಬಾಣಂತಿಗೆ ನೀರು ಹಾಕಲೂ ಇಷ್ಟು ಹೊತ್ತಾಗುವುದಿಲ್ಲ. ನಲ್ಲಿಯನ್ನು ಮೊಣಕೈಯಿಂದಲೇ ಬಂದ್ ಮಾಡಿ, ಕೈಗಳನ್ನು ಮೇಲೆತ್ತಿಕೊಂಡು, ಎಲ್ಲಿಯೂ ತಾಗದಂತೆ ಬಂದರು. ಅತ್ತ ಸಿಸ್ಟರ್ ಮುಚ್ಚಿದ ಡಬ್ಬಿ ತೆರೆದು, ಇಕ್ಕಳದಿಂದಲೇ ಕತ್ತರಿ ಚಾಕುಗಳನ್ನೆತ್ತಿ ಹಸಿರು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಎಲ್ಲವೂ ಥಳಥಳ! ಎಂಥ ಶುದ್ಧ, ಎಂಥ ನೇಮ! ನನಗೆ ಭಕ್ತಿ ಉಕ್ಕಿ ಬಂತು. ಅಲ್ಲಿಗೆ ಕೆಟ್ಟಿತು.

ನಮ್ಮ ಅಂಗಡಿಯಲ್ಲಿ ತಕ್ಕಡಿಗೆ ಕುಂಕುಮ ಹಚ್ಚದೆ ಒಂದು ಕಾಯಿಯನ್ನೂ ತೂಗುವುದಿಲ್ಲ. ಇನ್ನು ಅವ್ವನ ಕಣ್ಣಿನ ಕೆಲಸ ಹಾಗೇ ಶುರುವಾಗುವುದೇ? ಮನೆದೇವರ ಕುಂಕುಮ ಅಂಗಿಯ ಕಿಸೆಯಲ್ಲೇ ಇತ್ತು. ತೆಗೆದೆ, ಮುಂದಿದ್ದ ಕತ್ತರಿಗೆ ಹಚ್ಚಿಯೇಬಿಟ್ಟೆ! ಮಾಸ್ಕ್ ಕೆಳಗೆ ಜಗ್ಗಿ, ಬಗ್ಗಿ ಹಣೆ ಹಚ್ಚಿ ನಮಸ್ಕರಿಸಿದೆ. ಕುಂಕುಮ ಮೂಗಿಗೇರಿತು.

ಸೀನಿದೆ.

"ಸಾವಕಾರ್ರ! ಏನ್ ಮಾಡಿದ್ರಿ ಇದು!" ಸಿಸ್ಟರ್ ಚೀರಿದರು.

"ಪೂಜಾ ಮಾಡಿದ್ನಿರಿ... ತಪ್ಪಾತ್ರಿ ಡಾಕ್ಟರ್ರ!" ಎನ್ನುತ್ತಾ, ತೊಳೆದು ಎತ್ತಿಹಿಡಿದಿದ್ದ ಅವರ ಎರಡೂ ಕೈಗಳನ್ನು ಭದ್ರವಾಗಿ ಹಿಡಿದುಕೊಂಡೆ.

ಡಾಕ್ಟರು ತಮ್ಮ ಕೈ ನೋಡಿಕೊಂಡರು. "ಹೊರಗ ನಡೀರಿ" ಎಂದರು.

ಹೊರಗೆ ನನ್ನ ಹೆಂಡತಿ ಶಾಂತಾ ಕುಳಿತಿದ್ದಳು. "ಇಷ್ಟು ಲಗೂ ಮುಗೀತೇನ್ರಿ?"

"ನಂದು ಮುಗೀತು."

ವಿಷಯ ಕೇಳಿ ಹಣೆ ಹಣೆ ಬಡಿದುಕೊಂಡಳು. "ಇರೋದ ಒಂದ ಕಣ್ಣು! ಅದಕ್ಕೂ ಸಂಚಕಾರ ತರ್ತೀರೇನ್ರಿ?"

ಬಾಗಿಲ ಗಾಜಿನಲ್ಲಿ ನೋಡಿದೆ. ಕತ್ತರಿ, ಚಾಕು, ಬಟ್ಟೆ ಎಲ್ಲ ತೆಗೆದರು. ಹೊಸ ಡಬ್ಬಿ ಬಂತು. ಡಾಕ್ಟರು ಮತ್ತೆ ನಲ್ಲಿಯ ಮುಂದೆ ನಿಂತು, ಮೊದಲಿನಿಂದ, ಒಂದೊಂದೇ ಉಗುರು ತಿಕ್ಕತೊಡಗಿದರು. ಸಿಟ್ಟಿಲ್ಲ, ಗಡಿಬಿಡಿಯಿಲ್ಲ. ನಮ್ಮವ್ವನ ಒಂದು ಕಣ್ಣಿಗಾಗಿ ಇಷ್ಟೊಂದು! ನನಗೆ ಅಳು ಬಂತು. ಕೈ ಮುಗಿಯೋಣವೆಂದರೆ ಶಾಂತಾ ನನ್ನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು.

ಮರುದಿನ ಪಟ್ಟಿ ಬಿಚ್ಚಿದರು. ಅವ್ವ ಕಣ್ಣು ಪಿಳುಕಿಸಿದಳು.

"ಅವ್ವಾ, ಕಾಣಾಕತ್ತೈತೇನ?" ಗಲ್ಲ ಮುಟ್ಟಲು ಕೈ ಚಾಚಿದೆ.

"ಅಲ್ಲೇ ನಿಂದ್ರು! ಉಗುರಿನ್ಯಾಗ ಇನ್ನೂ ಕುಂಕುಮ ಐತಿ. ತೊಳ್ಕೊಂಡು ಬಾ, ಹೋಗು."

ಕಣ್ಣು ಬಂದಿತ್ತು! ಅಳುತ್ತಾ ನಗುತ್ತಾ ನಲ್ಲಿಗೆ ಓಡಿದೆ.

ಮುಂದೆ ಅವ್ವನ ಕಣ್ಣಿಗೆ ಹನಿ ಹಾಕಿದವಳು ಶಾಂತಾ. ಹೊಸ್ತಿಲಾಚೆ ಕೈಕಟ್ಟಿ ನಿಂತು "ಬಿತ್ತೇನ?" ಎಂದು ಕೇಳುವ ಮಹತ್ತರ ಜವಾಬ್ದಾರಿಯನ್ನು ನನಗೆ ವಹಿಸಲಾಯಿತು.