ನನ್ನ ಹಾಡಿಗೆ ಬಿದ್ದ ಬೀಗ

ಮಕ್ಕಳೇ, ನಿಮ್ಮ ಅಜ್ಜಿ ಜೀವನದಲ್ಲಿ ಏನೂ ಸಾಧಿಸಿಲ್ಲ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ, ಹೊರಗಿನವರು ಬಂದರೆ ಅಡುಗೆಮನೆ ಸೇರುವ ಈ ಹೆಂಗಸು, ತಾನು ಕಣ್ಣಿನಲ್ಲೂ ಕಾಣದ ದೇಶದ ಒಂದು ಕಂಪ್ಯೂಟರಿಗೆ ಬೀಗ ಹಾಕಿಸಿದ್ದಾಳೆ. ಅದೂ ಅಬುಧಾಬಿಯ ನಮ್ಮ ಮನೆಯ ಹಾಲಿನ ನೆಲದ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಾ.

ಚಿನ್ಮಯಿ, ಆಗ ನೀನು ಎರಡನೇ ಕ್ಲಾಸು. ಪ್ರಣವ ಇನ್ನೂ ತೊಟ್ಟಿಲಲ್ಲಿ. ನಿಮ್ಮ ಅಪ್ಪ ಮೋಹನ ರುವೈಸಿನ ತೈಲ ಕಾರ್ಖಾನೆಯಲ್ಲಿದ್ದು ಗುರುವಾರ ಸಂಜೆ ಮಾತ್ರ ಮನೆಗೆ ಬರುತ್ತಿದ್ದ. ನಿಮ್ಮ ಅಮ್ಮ ಸುಧಾ ಹಮ್ದಾನ್ ಸ್ಟ್ರೀಟಿನ ಒಂದು ಆಫೀಸಿನಲ್ಲಿ ವೆಬ್‌ಸೈಟು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ನಾನು ಶಾಸ್ತ್ರದ ಹಾಡುಗಳನ್ನು ಗುನುಗುವುದನ್ನು ಕೇಳಿ ಅವಳಿಗೆ ಒಂದು ದಿನ ಯೋಚನೆ ಬಂತು.

"ಅತ್ತೆ, ಈ ಹಾಡೆಲ್ಲ ನಿಮ್ಮ ಜೊತೆಗೇ ಹೋಗ್ಬಿಡುತ್ತೆ. ಇಂಟರ್ನೆಟ್ಟಿಗೆ ಹಾಕೋಣ."

"ಯಾರಾದ್ರೂ ಕೇಳಿಸಿಕೊಂಡರೆ?"

"ಕೇಳಲಿ ಅಂತಲೇ ಅಲ್ವಾ ಹಾಕೋದು?"

ನಾನು ಮಲಗುವ ಕೋಣೆಯ ಬಾಗಿಲು ಹಾಕಿ, ಬೀರುವಿನ ಕಡೆ ಮುಖ ಮಾಡಿ ಆರು ಹಾಡು ಹಾಡಿದೆ. ಎಣ್ಣೆ ಶಾಸ್ತ್ರದ್ದು, ಹಸೆಗೆ ಕರೆಯುವುದು, ಆರತಿಯದು, ಹೀಗೆ. ಸುಧಾ ಅವನ್ನು ಒಂದು ಪುಟದಲ್ಲಿ ಜೋಡಿಸಿದಳು. ಪುಟ ತೆರೆದರೆ ಸಾಕು, ಹಾಡು ತಾನೇ ಶುರುವಾಗುತ್ತಿತ್ತು. ಆರೂ ಮುಗಿದರೆ ಮತ್ತೆ ಮೊದಲಿನಿಂದ. ಪುಟದ ಕೆಳಗೆ ಎಷ್ಟು ಜನ ಬಂದರು ಎಂದು ತೋರಿಸುವ ಅಂಕಿಯೂ ಇತ್ತು.

ನಿಜ ಹೇಳಬೇಕೆಂದರೆ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಹಸೆಯ ಮುಂದೆ ನಿಂತು ಆರತಿ ಎತ್ತಿ ಹಾಡುವುದು ಮುತ್ತೈದೆಯರ ಕೆಲಸ. ನಿಮ್ಮ ತಾತ ಹೋದ ಮೇಲೆ ನಾನು ಅಂಥ ಕಡೆಯೆಲ್ಲ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಅಲ್ಲಿ ಕೂರು ಎಂದು ಯಾರೂ ಹೇಳಿರಲಿಲ್ಲ. ಮುಂದೆ ಬಾ ಎಂದೂ ಯಾರೂ ಹೇಳಿರಲಿಲ್ಲ. ಕಂಪ್ಯೂಟರಿಗೆ ಈ ತಾಪತ್ರಯವಿಲ್ಲ. ಅದರೊಳಗೆ ಹಾಡುವವಳ ಹಣೆಯಲ್ಲಿ ಕುಂಕುಮವಿದೆಯೋ ಇಲ್ಲವೋ ಯಾರಿಗೂ ಕಾಣುವುದಿಲ್ಲ.

ಮರುದಿನದಿಂದ ನನ್ನ ದಿನಚರಿ ಬದಲಾಯಿತು. ಸುಧಾ ಆಫೀಸಿಗೆ ಹೊರಟ ಕೂಡಲೇ ಪುಟ ತೆರೆಯುತ್ತಿದ್ದೆ. ನನ್ನ ಹಾಡು ಕೇಳುತ್ತಲೇ ತರಕಾರಿ, ನನ್ನ ಹಾಡು ಕೇಳುತ್ತಲೇ ಪ್ರಣವನ ಸ್ನಾನ, ನನ್ನ ಹಾಡು ಕೇಳುತ್ತಲೇ ಮಧ್ಯಾಹ್ನದ ನಿದ್ದೆ. ನಮ್ಮ ಮನೆಯ ಹಾಡು ನಮ್ಮ ಮನೆಯ ಪೆಟ್ಟಿಗೆಯಲ್ಲಿ ಹಾಡುತ್ತಿದೆ, ಯಾರಿಗೇನು ನಷ್ಟ ಎಂಬುದು ನನ್ನ ತಿಳಿವಳಿಕೆ.

ಇನ್ನೊಂದು ವಿದ್ಯೆಯೂ ಕೈ ಹತ್ತಿತು. ಮೇಲೆ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಪುಟ ಹೊಸದಾಗಿ ಬಂದು ಕೆಳಗಿನ ಅಂಕಿ ಬದಲಾಗುತ್ತಿತ್ತು. ನಾನು ಒತ್ತಿದಾಗಲೆಲ್ಲ ಸರಿಯಾಗಿ ಒಬ್ಬರು ಹೊಸದಾಗಿ ಬಂದಿರುತ್ತಿದ್ದರು. ಹೆಚ್ಚಿಲ್ಲ, ಕಡಿಮೆಯಿಲ್ಲ. ಜನ ಎಷ್ಟು ಶಿಸ್ತಿನಿಂದ ಬರುತ್ತಿದ್ದಾರೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಎದುರು ಫ್ಲ್ಯಾಟಿನ ಜಮೀಲಾ ಮಂಗಳೂರಿನ ಕಡೆಯವಳು. ಅವಳನ್ನು ಕರೆದು ತೋರಿಸಿದೆ.

"ಎಂತಮ್ಮ ಇದು? ಇಷ್ಟು ಜನ ಕೇಳ್ತಾರಾ ನಿಮ್ಮದು?"

"ನೋಡು ಬೇಕಾದ್ರೆ." ಒತ್ತಿದೆ. ಒಂದು ಏರಿತು.

"ಅಲ್ಲ ಮಾರಾಯ್ರೆ, ಇವರಿಗೆಲ್ಲ ಮನೆಯಲ್ಲಿ ಬೇರೆ ಕೆಲಸ ಇಲ್ವಾ?"

ಹೊಟ್ಟೆಕಿಚ್ಚು ಎಂದುಕೊಂಡೆ.

ಅಷ್ಟರಲ್ಲಿ ಬರ್ ದುಬೈಯಿಂದ ಸುಧಾಳ ಗೆಳತಿ ನಳಿನಿ ಫೋನ್ ಮಾಡಿದಳು. ಅವಳ ಮಗಳು ದೀಪಾಳ ಮದುವೆ. ಹುಡುಗನಿಗೆ ರಜೆ ಸಿಗದೆ ದುಬೈಯಲ್ಲೇ ಮಾಡುತ್ತಿದ್ದರು. ಮಂಡ್ಯದಲ್ಲಿರುವ ದೀಪಾಳ ಅಜ್ಜಿ ಉಬ್ಬಸದಿಂದ ವಿಮಾನ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಅವರದು ಒಂದೇ ಮಾತಂತೆ: ಹಾಡಿಲ್ಲದೆ ನನ್ನ ಮೊಮ್ಮಗಳನ್ನು ಹಸೆಗೆ ಕೂರಿಸಬೇಡಿ. ನಳಿನಿ ಬೆಳೆದದ್ದು ದೆಹಲಿಯಲ್ಲಿ. ಅವಳಿಗೆ ಒಂದು ಶಾಸ್ತ್ರದ ಹಾಡೂ ಬಾರದು.

"ಅಮ್ಮ, ನಿಮ್ಮ ಪುಟ ಇದೆಯಲ್ಲ, ಶುಕ್ರವಾರ ಅರಿಶಿನ ಶಾಸ್ತ್ರಕ್ಕೆ ಲ್ಯಾಪ್‌ಟಾಪಿನಲ್ಲಿ ಅದನ್ನೇ ಹಾಕ್ತೀವಿ. ಪರವಾಗಿಲ್ವಾ?"

"ಧಾರಾಳವಾಗಿ ಹಾಕು. ಅದರ ಪೂರ್ತಿ ಜವಾಬ್ದಾರಿ ನನ್ನದು" ಎಂದೆ. ಈ ವಾಕ್ಯವನ್ನು ನಾನು ಹೇಳಬಾರದಿತ್ತು.

ಆ ವಾರದ ಸೋಮವಾರ, ನಮ್ಮ ಪುಟಕ್ಕೆ ಜಾಗ ಕೊಟ್ಟಿದ್ದ ಕಂಪನಿಯಿಂದ ಸುಧಾಳಿಗೆ ಎಚ್ಚರಿಕೆಯ ಪತ್ರ ಬಂತು.

"ಅತ್ತೆ, ನಮ್ಮ ಪುಟ ಇರೋದು ದೂರದ ಒಂದು ಕಂಪ್ಯೂಟರಿನಲ್ಲಿ. ಅದಕ್ಕೆ ಸರ್ವರ್ ಅಂತಾರೆ. ಯಾರು ಹಾಡು ಕೇಳಿದ್ರೂ ಅದು ಅಲ್ಲಿಂದ ಹೊರಟು ಅವರ ಮನೆಗೆ ಬರಬೇಕು. ತಿಂಗಳಿಗೆ ಇಷ್ಟೇ ಕಳಿಸೋದು ಅಂತ ಅವರು ಮಿತಿ ಇಟ್ಟಿದ್ದಾರೆ. ಬ್ಯಾಂಡ್‌ವಿಡ್ತ್ ಅಂತಾರೆ ಅದಕ್ಕೆ. ನಮ್ಮದು ಮುಗೀತಾ ಬಂತು."

"ರೇಷನ್ ಅನ್ನು."

"ರೇಷನ್ನೇ. ಮುಗಿದ್ರೆ ಬಾಗಿಲು ಹಾಕಿಬಿಡ್ತಾರೆ. ಮುಂದಿನ ತಿಂಗಳವರೆಗೆ ಯಾರಿಗೂ ಸಿಗಲ್ಲ. ಸ್ವಲ್ಪ ಭಾರ ಇಳಿಸಬೇಕು."

ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಬೆಳೆದವಳು ನಾನು. ಮಿತಿ ಎಂದರೆ ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮಂಗಳವಾರ ಬೆಳಿಗ್ಗೆ, ಸುಧಾ ಹೋದ ಮೇಲೆ, ಭಾರ ಇಳಿಸುವ ಕಾರ್ಯವನ್ನು ನಾನೇ ಕೈಗೆತ್ತಿಕೊಂಡೆ. ನಮ್ಮ ಕಂಪ್ಯೂಟರಿನಲ್ಲಿ ಅದೇ ಆರು ಹಾಡುಗಳು ಇನ್ನೊಂದು ಕಡೆಯೂ ಸುಮ್ಮನೆ ಬಿದ್ದಿದ್ದವು. ಒಂದೇ ಹಾಡಿಗೆ ಎರಡೆರಡು ಕಡೆ ಜಾಗ ಯಾಕೆ? ಅವನ್ನು ಕಸದ ಬುಟ್ಟಿಯ ಚಿತ್ರದೊಳಗೆ ಹಾಕಿದೆ. ತುಂಬಿದ ಕಸದ ಬುಟ್ಟಿಯನ್ನು ಮನೆಯೊಳಗೆ ಇಟ್ಟುಕೊಳ್ಳುವುದು ನಮ್ಮ ಪದ್ಧತಿಯಲ್ಲ. ಅದನ್ನೂ ಖಾಲಿ ಮಾಡಿದೆ.

ಬುಧವಾರ ಸುಧಾ ಇನ್ನೊಂದು ಸುದ್ದಿ ತಂದಳು. ಇಂಟರ್ನೆಟ್ಟಿಗೆ ಸೇರಿದ ಪ್ರತಿ ಮನೆಗೂ ಒಂದು ನಂಬರು ಇರುತ್ತದಂತೆ. ಅದರಲ್ಲಿ ಒಂದು ನಂಬರಿನವರು ಬೆಳಗಿನಿಂದ ಸಂಜೆವರೆಗೆ ನನ್ನ ಹಾಡನ್ನು ಎಳೆದುಕೊಳ್ಳುತ್ತಿದ್ದರಂತೆ. ಮುಕ್ಕಾಲು ಪಾಲು ರೇಷನ್ ಅವರೊಬ್ಬರದೇ.

ನನಗೆ ಕಣ್ಣು ತುಂಬಿ ಬಂತು. ಯಾರೋ ಪುಣ್ಯಾತ್ಮರು ಊಟ ನಿದ್ದೆ ಬಿಟ್ಟು ನನ್ನ ಹಾಡು ಕೇಳುತ್ತಿದ್ದಾರೆ.

"ಯಾರಿರಬಹುದು ಸುಧಾ?"

"ನೋಡ್ಬೇಕು. ಈಗ ಟೈಮಿಲ್ಲ, ಆಫೀಸಿನ ಕೆಲಸ ಇನ್ನೂ ಮುಗಿದಿಲ್ಲ. ಆ ನಂಬರಿಗೆ ಕೊಡೋದನ್ನ ನಿಲ್ಲಿಸಲಾ? ಪಾಪ ಅನ್ಸುತ್ತೆ."

"ಪಾಪ ಪುಣ್ಯ ನೋಡ್ತಾ ಕೂತರೆ ಶುಕ್ರವಾರ ದೀಪಾಳ ಗತಿಯೇನು? ಮುಲಾಜಿಲ್ಲದೆ ನಿಲ್ಲಿಸು."

ಸುಧಾ ನಿಲ್ಲಿಸಿದಳು. ನಾನು ಆ ಅಭಿಮಾನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ.

ಗುರುವಾರ ಬೆಳಿಗ್ಗೆ ಪುಟ ತೆರೆದರೆ ಹಾಡಿಲ್ಲ. ಒಳಗೆ ಬರಲು ನಿಮಗೆ ಅನುಮತಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಜಮೀಲಾ ಓದಿ ಹೇಳಿದಳು. ನಾಳೆ ಶಾಸ್ತ್ರ. ಇವತ್ತು ಬಾಗಿಲು ಹಾಕಿದೆ. ಸುಧಾಳಿಗೆ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದಳು.

ಸಂಕೋಚದ ಹೆಂಗಸು ನಾನು. ಆದರೂ ಅಂದು ಗೋಡೆಯ ಮೇಲಿನ ಫೋನ್ ನಂಬರುಗಳ ಪಟ್ಟಿಯಲ್ಲಿದ್ದ ಕನ್ನಡದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆ. "ಒಂದು ಸಲ ನಮ್ಮ ಪುಟ ತೆಗೆದು ನೋಡ್ತೀರಾ? ಹಾಡು ಬರುತ್ತಾ?"

"ಬರ್ತಿದೆ ಅಮ್ಮ."

"ಆರೂ ಬರ್ತಾವಾ? ಪೂರ್ತಿ ಕೇಳಿ ಹೇಳಿ. ನಿಮ್ಮ ಆಫೀಸಿನಲ್ಲಿ ಬೇರೆಯವರಿಗೂ ಬರುತ್ತಾ ನೋಡಿ."

ಒಬ್ಬರು ಆಫೀಸಿನ ಹತ್ತು ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ಜಮೀಲಾಳ ಗಂಡ ಅಂಗಡಿಯಲ್ಲಿ ಹಾಕಿ, ಗಿರಾಕಿಗಳಿಗೂ ಕೇಳಿಸಿ, "ಫಸ್ಟ್ ಕ್ಲಾಸ್ ಉಂಟು" ಎಂದು ವರದಿ ಕಳಿಸಿದರು. ಸಂಜೆಯ ಹೊತ್ತಿಗೆ ನನಗೆ ನೆಮ್ಮದಿಯಾಯಿತು. ಎಲ್ಲರಿಗೂ ಬರುತ್ತಿದೆ, ನಮ್ಮ ಮನೆಗೆ ಮಾತ್ರ ಇಲ್ಲ. ಹಾಳಾಗಲಿ, ನಮ್ಮದೇನೂ ದೊಡ್ಡದಲ್ಲ.

ಶುಕ್ರವಾರ ಮೋಹನನ ಕಾರಿನಲ್ಲಿ ದುಬೈಗೆ ಹೊರಟೆವು. ಅರ್ಧ ದಾರಿಯಲ್ಲಿ ಮುಂದಿನ ಸೀಟಿನಿಂದ ಸುಧಾ ನಿಧಾನವಾಗಿ ಹಿಂದಕ್ಕೆ ತಿರುಗಿದಳು.

"ಅತ್ತೆ, ನಮ್ಮ ಮನೆಯಲ್ಲಿ ಮಾತ್ರ ಬರ್ತಿಲ್ಲ ಅಂದ್ರಲ್ಲ. ನೀವು ದಿನಾ ಹಾಡು ಕೇಳ್ತಿದ್ರಾ?"

"ಯಾವಾಗಲಾದರೂ."

"ಅಂದ್ರೆ?"

"ನೀನು ಹೋದಾಗ ಹಾಕಿದರೆ, ನೀನು ಬರುವಾಗ ತೆಗೀತಿದ್ದೆ."

ಮೋಹನ ಸ್ಟಿಯರಿಂಗಿನ ಮೇಲೆ ಬಾಗಿ ನಗತೊಡಗಿದ. "ಅಮ್ಮಾ, ಆ ಅಭಿಮಾನಿ ನೀನೇ ಕಣಮ್ಮ."

ಗುಂಡಿ ಒತ್ತಿದಾಗಲೆಲ್ಲ ಬರುತ್ತಿದ್ದ ಶಿಸ್ತಿನ ಜನ ಯಾರೆಂದೂ ಸುಧಾ ವಿವರಿಸಿದಳು. ನನ್ನನ್ನು ಕಳೆದರೆ ಉಳಿದವರು ಮೂವತ್ತೋ ನಲವತ್ತೋ. ಅವರಲ್ಲಿ ಬಹುಪಾಲು ಹಿಂದಿನ ದಿನ ನಾನೇ ಫೋನ್ ಮಾಡಿ ಕರೆದವರು.

ನಳಿನಿಯ ಫ್ಲ್ಯಾಟು ಜನರಿಂದ ತುಂಬಿತ್ತು. ಹಸೆಯ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಎರಡು ಕಡೆ ಎರಡು ದೊಡ್ಡ ಸ್ಪೀಕರು. ಹಾಡು ಇಂಟರ್ನೆಟ್ಟಿನಿಂದ ಬರುತ್ತದೆ ಎಂದು ಗಂಡಿನ ಕಡೆಯವರಿಗೆಲ್ಲ ಹೇಳಿಯಾಗಿತ್ತು. ನಳಿನಿ ಪುಟ ತೆರೆದಳು. ಬ್ಯಾಂಡ್‌ವಿಡ್ತ್ ಮಿತಿ ಮುಗಿದಿದೆ ಎಂದು ದಪ್ಪ ಅಕ್ಷರಗಳು ನಿಂತಿದ್ದವು. ಹತ್ತು ಕಂಪ್ಯೂಟರಿನ ಆಫೀಸು ಮತ್ತು ಜಮೀಲಾಳ ಗಂಡನ ಗಿರಾಕಿಗಳು ಸೇರಿ ಕೊನೆಯ ಕಾಳನ್ನೂ ತಿಂದು ಮುಗಿಸಿದ್ದರು.

"ಗಾಬರಿ ಬೇಡ ನಳಿನಿ" ಎಂದು ನಮ್ಮನ್ನು ಒಂದು ಬದಿಗೆ ಕರೆದು ಮೆಲ್ಲಗೆ ಹೇಳಿದಳು ಸುಧಾ. "ಮನೆ ಕಂಪ್ಯೂಟರಿನಲ್ಲಿ ಕಾಪಿ ಇದೆ. ಮೋಹನ್ ಹೋಗಿ ಸಿ.ಡಿ. ಮಾಡಿಕೊಂಡು ಬರ್ತಾರೆ. ಶಾಸ್ತ್ರ ಒಂದು ಮೂರು ಗಂಟೆ ತಡ ಮಾಡಿ."

ಮೋಹನ ಕಾರಿನ ಕೀ ತೆಗೆದ. ನಾನು ಅವನ ತೋಳು ಹಿಡಿದೆ.

"ಹೋಗಬೇಡ."

"ಯಾಕಮ್ಮ?"

"ಮಂಗಳವಾರ ಕಸ ಚೆಲ್ಲಿಬಿಟ್ಟೆ."

ಸುಧಾ ಗೋಡೆಗೆ ಒರಗಿದಳು. ನಳಿನಿಯ ಮುಖ ಸಣ್ಣದಾಯಿತು. ಆಗ ಒಳಗಿನಿಂದ ಹಳದಿ ಸೀರೆಯುಟ್ಟ ದೀಪಾ ಬಂದಳು. ವಿಷಯ ತಿಳಿದು ನನ್ನ ಕಡೆ ನೋಡಿದಳು.

"ಅಜ್ಜಿ, ನೀವೇ ಇದ್ದೀರಲ್ಲ. ಹಾಡಿ."

"ನಾನಾ? ಇಷ್ಟು ಜನರ ಮುಂದೆ? ಬೇಡಮ್ಮ, ನಾನು ಇಂಥದಕ್ಕೆ ಮುಂದೆ ಬರೋಳಲ್ಲ. ಗಂಡಿನ ಕಡೆಯವರು ಏನಂದುಕೊಳ್ತಾರೋ."

"ಹಾಡಿಲ್ಲದೆ ಕೂರಲ್ಲ ಅಂತ ನಮ್ಮಜ್ಜಿಗೆ ಮಾತು ಕೊಟ್ಟಿದ್ದೀನಿ. ನಾನು ಕೂರಲ್ಲ."

ಹುಡುಗಿ ಅಲ್ಲೇ ನೆಲ ನೋಡುತ್ತಾ ನಿಂತುಬಿಟ್ಟಳು. ಹಾಲಿನಲ್ಲಿ ಗಂಡಿನ ಚಿಕ್ಕಪ್ಪ ಗಡಿಯಾರ ನೋಡುತ್ತಿದ್ದರು. ಪೂರ್ತಿ ಜವಾಬ್ದಾರಿ ನನ್ನದು ಎಂದವಳು ನಾನೇ. ಸ್ಪೀಕರಿನ ಹಿಂದೆಯೇ ಮಲಗುವ ಕೋಣೆಯ ಬಾಗಿಲಿತ್ತು. ನಾನು ಒಳಗೆ ಹೋಗಿ ಬಾಗಿಲನ್ನು ಒಂದು ಗೇಣು ಬಿಟ್ಟು ಮುಚ್ಚಿ, ಅಲ್ಲಿದ್ದ ಬೀರುವಿನ ಕಡೆ ಮುಖ ಮಾಡಿ, ಹಸೆಗೆ ಕರೆಯುವ ಹಾಡು ಎತ್ತಿಕೊಂಡೆ.

ದೀಪಾ ನಡೆದುಹೋಗಿ ಹಸೆಯ ಮೇಲೆ ಕೂತಳು. ಬಳೆಗಳ ಸದ್ದು ನನಗೆ ಕೇಳಿಸಿತು.

"ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡಪ್ಪ" ಎಂದರು ಗಂಡಿನ ಚಿಕ್ಕಪ್ಪ. ಮೋಹನ ಲ್ಯಾಪ್‌ಟಾಪಿನಲ್ಲಿ ಗಂಭೀರವಾಗಿ ಏನನ್ನೋ ಒತ್ತಿದನಂತೆ. ಒಳಗೆ ನಾನು ಸ್ವರ ಏರಿಸಿದೆ.

"ಈಗ ಜಾಸ್ತಿ ಆಯ್ತು."

ಮೋಹನ ಒತ್ತಿದ. ನಾನು ಇಳಿಸಿದೆ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ವಿಡಿಯೋದವನ ಕ್ಯಾಮೆರಾ ಆನ್ ಆಗಿರಲಿಲ್ಲವಂತೆ, ಹಸೆ ಹಾಡನ್ನು ಇನ್ನೊಂದು ಸಲ ಹಾಕಿ ಎಂದ. ಹಾಕಿದೆ. ಗಂಡಿನ ಅತ್ತೆಯರು ಶಾರ್ಜಾದಿಂದ ತಡವಾಗಿ ಬಂದರು, ಅವರಿಗಾಗಿ ಇನ್ನೊಂದು ಸಲ. ಎಣ್ಣೆ ಹಚ್ಚುವವರ ಸಾಲು ಉದ್ದವಾಯಿತು, ಹಾಡು ನಿಲ್ಲಿಸುವಂತಿರಲಿಲ್ಲ. ಯಾರು ಕೇಳಿದರೂ ಕಳಿಸಬೇಕು, ಎಷ್ಟು ಸಲ ಕೇಳಿದರೂ ಕಳಿಸಬೇಕು. ಹದಿನೈದು ದಿನ ನಾನು ಗುಂಡಿ ಒತ್ತಿ ಒತ್ತಿ ಗೋಳು ಹೊಯ್ದುಕೊಂಡ ಆ ದೂರದ ಸರ್ವರಿನ ಪಾಡು ಅಂದು ನನಗೆ ಅರ್ಥವಾಯಿತು.

ಆರತಿ ಹಾಡು ಮುಗಿಯಿತು. ಆರತಿಯೂ ಮುಗಿಯಿತು. ಅದರ ಮೇಲೆ ಯಾರೋ ಇನ್ನೊಂದು ಕೇಳಿದರು. ಎರಡನೇ ಸಾಲಿನಲ್ಲಿ ನನ್ನ ಗಂಟಲು ಕಟ್ಟಿ, ಸ್ವರ ಕತ್ತರಿಸಿದ ಹಾಗೆ ನಿಂತುಹೋಯಿತು.

"ನೆಟ್ ಹೋಯ್ತು ಅಂತ ಕಾಣುತ್ತೆ" ಎಂದಿತು ಒಂದು ದನಿ.

"ಹೌದು ಸಾರ್, ಲಿಮಿಟ್ ಮುಗೀತು. ಖಲಾಸ್" ಎಂದ ಮೋಹನ.

ದೀಪಾ ಕೋಣೆಗೆ ಬಂದು, ಎಣ್ಣೆ ಅರಿಶಿನದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ನನ್ನ ಬಿಳಿ ಸೀರೆಗೆ ಹಳದಿ ಹತ್ತಿತು. ಇಬ್ಬರೂ ಒರೆಸಲಿಲ್ಲ.

ಊಟದ ಹೊತ್ತಿಗೆ ಪಾಯಸ ಬಡಿಸಲು ನಾನೂ ನಿಂತೆ. ಗಂಡಿನ ಚಿಕ್ಕಪ್ಪ ಪಕ್ಕದಲ್ಲಿ ಕೂತಿದ್ದ ಮೋಹನನಿಗೆ ಹೇಳುತ್ತಿದ್ದರು.

"ನಿಮ್ಮ ಕಂಪ್ಯೂಟರು ಭಾರಿ ಚೆನ್ನಾಗಿದೆ ಕಣಪ್ಪ. ಪಕ್ಕದ ರೂಮಲ್ಲೇ ಕೂತು ಯಾರೋ ಹಾಡ್ದಂಗಿತ್ತು. ಆದ್ರೆ ಆ ಹೆಂಗಸಿಗೆ ಶ್ರುತಿ ನಿಲ್ಲಲ್ಲ. ಮುಂದಿನ ಸಲ ಬೇರೆ ಯಾರದ್ದಾದ್ರೂ ಹಾಕು."

ಎಲ್ಲರಿಗೂ ಎರಡು ಸೌಟು ಬಡಿಸುತ್ತಾ ಬಂದವಳು ಅವರಿಗೆ ಒಂದೇ ಸೌಟು ಬಡಿಸಿ ಮುಂದೆ ಹೋದೆ. ಶ್ರುತಿಯ ವಿಷಯದಲ್ಲಿ ಅವರು ಹೇಳಿದ್ದು ನಿಜವೇ. ಅದಕ್ಕೇ ಆ ಒಂದು ಸೌಟಾದರೂ ಬಡಿಸಿದೆ.